ಓಲೆಕಟ್ಟನ್ನು ಒಯ್ಯಬೇಡಿ, ಮನೆಗೇ ಬನ್ನಿ

ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ವಿಷಯ: ಜಿಲ್ಲೆಯ ಮನೆಗಳಲ್ಲಿರುವ ಸಂಸ್ಕೃತ ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸ್ಥಳದಲ್ಲೇ ಸಂರಕ್ಷಣೆ

ಮಾನ್ಯರೇ,

2025ರ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಯೋಜನೆಯ ಘೋಷಣೆಯಾಯಿತು. ವಿದ್ಯಾಸಂಸ್ಥೆ, ವಸ್ತುಸಂಗ್ರಹಾಲಯ, ಗ್ರಂಥಾಲಯಗಳಲ್ಲಿ ಇರುವುದರ ಜೊತೆಗೆ ಖಾಸಗಿಯವರ ಬಳಿ ಉಳಿದಿರುವುದನ್ನೂ ಸೇರಿಸಿ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರುತಿಸಿ, ದಾಖಲಿಸಿ, ಕಾಪಾಡುವುದು ಅದರ ಗುರಿ. ‘ಖಾಸಗಿಯವರ ಬಳಿ’ ಎಂಬ ಮಾತನ್ನು ಹಿಡಿದೇ ತಮಗೆ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಓಲೆಗರಿಗಳನ್ನು ಹುಡುಕಬೇಕಾದದ್ದು ಮಠಗಳಲ್ಲಿ ಮಾತ್ರ ಅಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳ ಮೆತ್ತಿನ (ಅಟ್ಟದ) ಮೇಲೆ, ಗೋಕರ್ಣದ ವೈದಿಕರ ದೇವರ ಕೋಣೆಯಲ್ಲಿ, ಕುಮಟಾ–ಹೊನ್ನಾವರದ ಹಳೆಯ ಮರದ ಪೆಟ್ಟಿಗೆಗಳಲ್ಲಿ ಅವು ಇವೆ.

ನನ್ನ ಕೋರಿಕೆ ಇಷ್ಟೇ. ಆ ಕಟ್ಟುಗಳನ್ನು ಕಾರವಾರಕ್ಕೋ ಬೆಂಗಳೂರಿಗೋ ತರಿಸಬೇಡಿ. ಓದಬಲ್ಲವರನ್ನು, ಶುಚಿ ಮಾಡಬಲ್ಲವರನ್ನು ಮನೆಗಳಿಗೇ ಕಳಿಸಿ. ಪಟ್ಟಿಯಾಗುವುದು ಅಲ್ಲೇ, ಫೋಟೋ ತೆಗೆಯುವುದು ಅಲ್ಲೇ, ಎಣ್ಣೆ ಹಚ್ಚಿ ಕಟ್ಟುವುದೂ ಅಲ್ಲೇ ಆಗಲಿ. ಗ್ರಂಥ ಆ ಮನೆಯದಾಗಿಯೇ ಉಳಿಯಲಿ.

ಇದನ್ನೇಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಮ್ಮ ಜನರಲ್ಲಿ ಒಂದು ಹೆದರಿಕೆ ಬೇರೂರಿದೆ, ಅದಕ್ಕೆ ಕಾರಣವೂ ಇದೆ. ನಮ್ಮ ಕುಟುಂಬದ ಒಂದು ಪ್ರಯೋಗ ಗ್ರಂಥವನ್ನು (ವೈದಿಕ ಕರ್ಮಗಳನ್ನು ಮಾಡುವ ಕ್ರಮ ಹೇಳುವ ಗ್ರಂಥ) ದಶಕಗಳ ಹಿಂದೆ ಹೊರಗಿನಿಂದ ಬಂದವರು ‘ನಕಲು ಮಾಡಿಕೊಂಡು ಕೊಡುತ್ತೇವೆ’ ಎಂದು ಒಯ್ದರು. ರಸೀದಿ ಕೊಡಲಿಲ್ಲ. ಗ್ರಂಥವೂ ಬರಲಿಲ್ಲ, ನಕಲೂ ಬರಲಿಲ್ಲ. ಅಜ್ಜ ಇರುವವರೆಗೂ ಪ್ರತಿ ನವರಾತ್ರಿಯಲ್ಲಿ ಅದನ್ನು ನೆನೆದು ನೊಂದುಕೊಳ್ಳುತ್ತಿದ್ದರು. ಇಂಥ ಕತೆ ಸುತ್ತಲಿನ ಬೇರೆ ಮನೆಗಳಲ್ಲೂ ಕೇಳಿದ್ದೇನೆ. ಹಾಗಾಗಿ ಸರ್ಕಾರದ ಜೀಪು ಅಂಗಳಕ್ಕೆ ಬಂದು ನಿಂತರೆ ‘ನಮ್ಮಲ್ಲಿ ಏನೂ ಇಲ್ಲ’ ಎಂಬ ಉತ್ತರವೇ ಮೊದಲು ಬರುತ್ತದೆ. ಅದನ್ನು ನಂಬಿ ವರದಿಯಲ್ಲಿ ಸೊನ್ನೆ ಬರೆದುಕೊಂಡು ಹೋದರೆ ನಷ್ಟ ಎಲ್ಲರದ್ದು.

ಏನು ಉಳಿದಿದೆ ಎಂಬ ಪ್ರಶ್ನೆಗೆ ಬರುತ್ತೇನೆ. ಹೆಚ್ಚಿನ ಮನೆಗಳಲ್ಲಿ ಸಿಗುವುದು ಬೋಧಾಯನ ಪ್ರಯೋಗ, ಅಪರಕ್ರಿಯೆ, ಶಾಂತಿ ವಿಧಿಗಳು, ಜ್ಯೋತಿಷ, ಸ್ತೋತ್ರಗಳು. ಜೊತೆಗೆ ಅಮರಕೋಶ, ಸಿದ್ಧಾಂತಕೌಮುದಿ ಎಂಬ ಸಂಸ್ಕೃತ ವ್ಯಾಕರಣದ ಒಂದು ಭಾಗ, ಯಾವುದೋ ವೇದಾಂತ ಪ್ರಕರಣ ಗ್ರಂಥ, ಗೋಕರ್ಣ ಮಹಾತ್ಮೆ. ‘ಕೌಮುದಿ ಅಚ್ಚಾಗಿದೆಯಲ್ಲ, ಮತ್ತೆ ಅದರ ಓಲೆ ಯಾಕೆ?’ ಎಂದು ಒಮ್ಮೆ ಒಬ್ಬ ವಿದ್ಯಾವಂತರೇ ನನ್ನನ್ನು ಕೇಳಿದರು. ಅಚ್ಚಾದ ಪುಸ್ತಕದಲ್ಲಿ ಗ್ರಂಥವಿರುತ್ತದೆ. ಅದನ್ನು ಇದೇ ಘಟ್ಟದಲ್ಲಿ ಯಾರು ಪಾಠ ಹೇಳಿದರು, ಯಾವ ಸೂತ್ರದಲ್ಲಿ ಶಿಷ್ಯ ತಡವರಿಸಿದ, ಅಂಚಿನಲ್ಲಿ ಗುರುಗಳು ಯಾವ ಉದಾಹರಣೆ ಸೇರಿಸಿದರು ಎಂಬುದು ಓಲೆಯಲ್ಲಿ ಮಾತ್ರ ಇರುತ್ತದೆ. ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿ, ಊರು, ಬರೆದವನ ಹೆಸರು ಸಿಗುವುದುಂಟು. ಆ ಒಂದು ಸಾಲಿನಿಂದ ಒಂದು ಹಳ್ಳಿಯ ವಿದ್ಯೆಯ ಇತಿಹಾಸ ತೆರೆದುಕೊಳ್ಳಬಹುದು. ಪುಣೆಯಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧಪಡಿಸುವಾಗ 1,259 ಹಸ್ತಪ್ರತಿಗಳನ್ನು ಪರಿಶೀಲಿಸಿದರು. ಒಂದೇ ಗ್ರಂಥದ ಇನ್ನೊಂದು ಪ್ರತಿ ಬೇಡ ಎಂದಿದ್ದರೆ ಆ ಕೆಲಸ ಶುರುವೇ ಆಗುತ್ತಿರಲಿಲ್ಲ.

ವ್ಯಾಕರಣ ಶಾಸ್ತ್ರಕ್ಕೂ ಈ ನೆಲಕ್ಕೂ ಇರುವ ನಂಟನ್ನು ತಮ್ಮ ಗಮನಕ್ಕೆ ತರಲೇಬೇಕು. ಆ ಸಿದ್ಧಾಂತಕೌಮುದಿಯನ್ನು ಬರೆದ ಕಾಶಿಯ ಭಟ್ಟೋಜಿ ದೀಕ್ಷಿತರು ‘ತತ್ತ್ವಕೌಸ್ತುಭ’ ಎಂಬ ವೇದಾಂತ ಗ್ರಂಥವನ್ನು ಬರೆದದ್ದು ಕೆಳದಿಯ ವೆಂಕಟಪ್ಪ ನಾಯಕನ ಅಪೇಕ್ಷೆಯಂತೆ. ಗ್ರಂಥದಲ್ಲೇ ಹಾಗೆ ಹೇಳಿದ್ದಾರೆ. ಕೆಳದಿಯವರ ಆಳ್ವಿಕೆ ಆಗ ನಮ್ಮ ಹೊನ್ನಾವರ, ಭಟ್ಕಳದ ಕಡಲಿನವರೆಗೂ ಚಾಚಿತ್ತು. ಅದಕ್ಕಿಂತ ಹತ್ತಿರದ ಹೆಸರು ಭಟ್ಟಾಕಳಂಕನದು. ನಮ್ಮ ಜಿಲ್ಲೆಯ ಸೋಂದೆ–ಹಾಡುವಳ್ಳಿಗಳ ಜೈನ ಪರಂಪರೆಯ ಈ ವಿದ್ವಾಂಸ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ. ಕನ್ನಡದ ವ್ಯಾಕರಣ, ಸಂಸ್ಕೃತದ 592 ಸೂತ್ರಗಳಲ್ಲಿ, ತನ್ನದೇ ವೃತ್ತಿ (ಸೂತ್ರಗಳ ವಿವರಣೆ) ಮತ್ತು ವ್ಯಾಖ್ಯಾನದೊಂದಿಗೆ. ಕನ್ನಡ ಶಾಸ್ತ್ರಕ್ಕೆ ಒದಗದ ಭಾಷೆ ಎನ್ನುವವರಿಗೆ ಅವನು ಅದರಲ್ಲೇ ಉತ್ತರ ಕೊಡುತ್ತಾನೆ. ಈ ಭಾಷೆಯಲ್ಲಿ ತತ್ತ್ವಾರ್ಥ ಮಹಾಶಾಸ್ತ್ರಕ್ಕೆ 96,000 ಗ್ರಂಥ ಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನವೇ ಇದೆಯಲ್ಲ ಎಂದು ಎತ್ತಿ ತೋರಿಸುತ್ತಾನೆ.

ಆ ಚೂಡಾಮಣಿ ಇವತ್ತಿಗೂ ಸಿಕ್ಕಿಲ್ಲ. 32 ಅಕ್ಷರಕ್ಕೆ ಒಂದು ಗ್ರಂಥ ಎಂಬ ಲೆಕ್ಕದಲ್ಲಿ ಅದು ಮೂವತ್ತು ಲಕ್ಷ ಅಕ್ಷರ ಮೀರುತ್ತದೆ. ಅಷ್ಟು ದೊಡ್ಡ ಕೃತಿ ಪೂರ್ತಿ ಅಳಿದು, ಅದು ಇತ್ತೆಂದು ಹೇಳುವ ವ್ಯಾಕರಣ ಗ್ರಂಥ ಉಳಿದುಕೊಂಡಿತು. 1890ರಲ್ಲಿ ಬಿ. ಎಲ್. ರೈಸ್ ಅದನ್ನು ಅಚ್ಚು ಹಾಕಿಸುವವರೆಗೆ ಕಾಪಾಡಿದ್ದು ಓಲೆ ಪ್ರತಿಗಳು, ಅವನ್ನು ಮತ್ತೆ ಮತ್ತೆ ನಕಲು ಮಾಡಿದ ಕೈಗಳು. ಒಂದು ಉಳಿಯುವುದಕ್ಕೂ ಇನ್ನೊಂದು ಹೋಗುವುದಕ್ಕೂ ಮಧ್ಯೆ ಇರುವುದು ಒಬ್ಬ ನಕಲುಗಾರ, ಒಂದು ಮಳೆಗಾಲ. ಯೋಚಿಸಿದಾಗಲೆಲ್ಲ ಹೊಟ್ಟೆ ಹಿಂಡಿದಂತಾಗುತ್ತದೆ.

ಮಳೆಗಾಲದ ವಿಷಯ ತಮಗೆ ಗೊತ್ತೇ ಇದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಇಂಥ ತೇವದಲ್ಲಿ ಓಲೆ ಶತಮಾನಗಳ ಕಾಲ ಬಾಳಿದ್ದು ಅಡುಗೆಮನೆಯ ಹೊಗೆಯಿಂದ. ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ಸದಾ ಏರುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಕಟ್ಟಿನ ಜೊತೆ ಬಜೆಯ ಬೇರು ಇಡುತ್ತಿದ್ದರು. ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಎಣ್ಣೆ ತೋರಿಸಿ, ಬಟ್ಟೆ ಸುತ್ತಿ ಇಡುತ್ತಿದ್ದರು. ಈಗ ಮನೆಗಳಿಗೆ ಗ್ಯಾಸ್ ಬಂತು, ತಾರಸಿ ಬಂತು. ಮಕ್ಕಳು ಬೆಂಗಳೂರಿನಲ್ಲಿ, ಊರಲ್ಲಿ ವಯಸ್ಸಾದ ಇಬ್ಬರು, ಎಷ್ಟೋ ಮನೆಗಳಿಗೆ ಬೀಗ. ಗೆದ್ದಲು ಮೆತ್ತು ಹತ್ತಿದ್ದನ್ನು ನೋಡುವವರಿಲ್ಲ. ಕೆಲವರು ಓದಲಾಗದ ಗ್ರಂಥ ಮನೆಯಲ್ಲಿ ಹಾಳಾಗುವುದು ದೋಷವೆಂದು ಭಕ್ತಿಯಿಂದಲೇ ಹೊಳೆಗೆ ಬಿಟ್ಟಿದ್ದಾರೆ. ಅವರನ್ನು ದೂರಲಾರೆ. ಬೇರೆ ದಾರಿಯನ್ನು ಅವರಿಗೆ ತೋರಿಸಿದವರು ಯಾರು? ಹಳೆ ಕಂಬ, ಹಿತ್ತಾಳೆ ಪಾತ್ರೆ ಕೊಳ್ಳಲು ಬರುವವರು ಓಲೆಕಟ್ಟನ್ನೂ ಕೇಳುತ್ತಾರೆ. 75 ವರ್ಷ ಮೀರಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು ಎಂಬುದು ಹಳ್ಳಿಯವರಿಗೆ ತಿಳಿದಿಲ್ಲ. ಪಂಚಾಯ್ತಿಗಳ ಮೂಲಕ ಅದನ್ನೊಂದು ತಿಳಿಸಿದರೂ ಉಪಕಾರವಾಗುತ್ತದೆ.

ಇನ್ನೊಂದು ತೊಡಕು ಲಿಪಿಯದು. ನಮ್ಮ ಕಡೆಯ ಸಂಸ್ಕೃತ ಓಲೆಗಳಲ್ಲಿ ಬಹಳಷ್ಟು ತಿಗಳಾರಿ ಎಂಬ ಹಳೆಯ ಲಿಪಿಯಲ್ಲಿವೆ. ನೋಡಿದವರು ಮಲಯಾಳಂ ಎಂದುಕೊಂಡು ಬದಿಗಿಡುತ್ತಾರೆ. ಎರಡೂ ‘ಗ್ರಂಥ’ ಎಂಬ ಹೆಸರಿನ ಹಳೆಯ ಲಿಪಿಯಿಂದ ಬಂದವು, ಹಾಗಾಗಿ ಹೋಲಿಕೆ ಸಹಜ. ಮಾಧ್ವ ಪರಂಪರೆಯ ಪ್ರತಿಗಳಲ್ಲಿ ನಂದಿನಾಗರಿ ಕಾಣುತ್ತದೆ. ಸಂಸ್ಕೃತ ಚೆನ್ನಾಗಿ ಬಲ್ಲವರಿಗೂ ಈ ಲಿಪಿಗಳು ಬರುವುದಿಲ್ಲ. ‘ಓದಲೆ ಬತ್ತಿಲ್ಲೆ, ಪೂಜೆ ಮಾಡ್ತ್ಯ’ ಎಂದು ಒಬ್ಬ ಹಿರಿಯ ತಾಯಿ ಕೆಂಪು ಬಟ್ಟೆ ಸುತ್ತಿದ ಕಟ್ಟನ್ನು ನನ್ನ ಮುಂದಿಟ್ಟಿದ್ದರು. ನಾಲ್ಕು ಗರಿ ಓದಿ ಇದು ಇಂಥದ್ದು ಎಂದಾಗ ಅವರ ಕಣ್ಣಲ್ಲಿ ನೀರು ಬಂತು.

ತಿಗಳಾರಿ 2024ರಲ್ಲಿ ತುಳು–ತಿಗಳಾರಿ ಎಂಬ ಹೆಸರಿನಲ್ಲಿ ಯೂನಿಕೋಡ್ ಸೇರಿತು. ಕಂಪ್ಯೂಟರಿಗೆ ಅಕ್ಷರ ಸಿಕ್ಕಿತು, ಓದುವ ಮನುಷ್ಯರು ಬೇಕಲ್ಲ. ಈ ಕಾರಣದಿಂದಲೇ ಬರೀ ಸ್ಕ್ಯಾನ್ ಮಾಡಿ ಮುಗಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಓಲೆಗೆ ಮುಖಪುಟ ಇರುವುದಿಲ್ಲ. ಹೆಸರು ಹೆಚ್ಚಾಗಿ ಸಿಗುವುದು ಕೊನೆಯ ‘ಇತಿ ಶ್ರೀ’ ಸಾಲಿನಲ್ಲಿ. ಒಂದೇ ಕಟ್ಟಿನಲ್ಲಿ ನಾಲ್ಕೈದು ಗ್ರಂಥ ಕೂಡಿರುತ್ತವೆ, ಗರಿಗಳು ಹಿಂದುಮುಂದಾಗಿರುತ್ತವೆ. ಓದದೆ ಫೋಟೋ ತೆಗೆದರೆ ಪಟ್ಟಿಯಲ್ಲಿ ‘ಧರ್ಮಶಾಸ್ತ್ರ, ಅಪೂರ್ಣ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರೊಳಗೆ ಯಾರೂ ಕಾಣದ ನ್ಯಾಯಶಾಸ್ತ್ರದ (ತರ್ಕದ) ಟಿಪ್ಪಣಿಯಿದ್ದರೆ ಅದು ಮತ್ತೊಮ್ಮೆ ಕಳೆದುಹೋದಂತೆಯೇ. ಸೋಂದೆ ಸ್ವರ್ಣವಲ್ಲಿಯಲ್ಲಿ ಸಂಸ್ಕೃತ ಪಾಠಶಾಲೆಯಿದೆ, ಗೋಕರ್ಣದಲ್ಲಿ ವೇದಾಧ್ಯಯನ ನಿಂತಿಲ್ಲ. ಅಲ್ಲಿನ ವಿದ್ಯಾರ್ಥಿಗಳಿಗೆ ಲಿಪಿ ಕಲಿಸಿ, ಗೌರವಧನ ಕೊಟ್ಟು ಸಮೀಕ್ಷೆಗೆ ಕಳಿಸಬಹುದು. ವ್ಯಾಕರಣ ಓದಿದ ಹುಡುಗನಿಗೆ ಲಿಪಿ ಹತ್ತಿಸುವುದು ಕಷ್ಟವಲ್ಲ.

ಸಮಯದ ಬಗ್ಗೆ ಒಂದು ಸಲಹೆ. ನವರಾತ್ರಿಯಲ್ಲಿ ಶಾರದಾ ಪೂಜೆಗೆಂದು ಪ್ರತಿ ಮನೆಯಲ್ಲೂ ಹಳೆಯ ಗ್ರಂಥಗಳು ಕೆಳಗಿಳಿಯುತ್ತವೆ. ‘ಏನೂ ಇಲ್ಲ’ ಎನ್ನುವ ಮನೆಯಲ್ಲೂ ಆ ದಿನಗಳಲ್ಲಿ ಪೀಠದ ಮೇಲೆ ಅವು ಇರುತ್ತವೆ. ಮಳೆ ಹಿಂದಾಗಿರುತ್ತದೆ, ಅಡಿಕೆ ಕೊನೆಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಪೂಜೆ ಮುಗಿದ ಮೇಲೆ ಮನೆಯವರು ನೆಮ್ಮದಿಯಿಂದ ಕೂತು ಮಾತಾಡುವ ಸಮಯ ಅದು. ಕೊಯ್ಲು ಹಿಡಿದ ಮೇಲೆ ಬಂದರೆ ಯಾರೂ ಕೈಗೆ ಸಿಗುವುದಿಲ್ಲ. ಮೊದಲ ಪಟ್ಟಿಯನ್ನು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಗಳ (ಗ್ರಂಥಾಲಯಗಳ) ಮೇಲ್ವಿಚಾರಕರು ಮಾಡಬಲ್ಲರು. ಅವರಿಗೆ ಊರಿನ ಪ್ರತಿ ಮನೆಯೂ ಗೊತ್ತು, ಜನರಿಗೆ ಅವರೂ ಗೊತ್ತು. ಹವ್ಯಕರ ಮನೆಗಳಿಗಷ್ಟೇ ಹೋಗಿ ನಿಲ್ಲಬಾರದು. ಜೈನ ಬಸದಿಗಳು, ಸಾರಸ್ವತರ ಮನೆಗಳು, ಊರ ದೇವಸ್ಥಾನಗಳು, ನಾಟಿ ವೈದ್ಯರ ಪೆಟ್ಟಿಗೆಗಳು ಎಲ್ಲವೂ ಪಟ್ಟಿಯಲ್ಲಿರಲಿ.

ಶಿರಸಿಯಲ್ಲಿ ಒಂದು ಒಣ ಕೋಣೆ, ತರಬೇತಾದ ಇಬ್ಬರು, ಒಳ್ಳೆಯ ಕ್ಯಾಮೆರಾ, ಓಡಾಡಲು ಒಂದು ವಾಹನ. ಆರಂಭಕ್ಕೆ ಇದಕ್ಕಿಂತ ಹೆಚ್ಚು ಬೇಡ. ಸೆಲ್ಲೋ ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಲಿಗೆ ಹಾಕಬೇಡಿ ಎಂದು ಹೇಳಿಕೊಡುವವರಿದ್ದರೆ ಅರ್ಧ ಗ್ರಂಥಗಳು ಹಾಗೆಯೇ ಉಳಿದುಕೊಳ್ಳುತ್ತವೆ. ಬೀಗ ಬಿದ್ದ ಮನೆಯವರು ತಾವಾಗಿಯೇ ಒಪ್ಪಿಸಿದರೆ ಮಾತ್ರ ಅಲ್ಲಿ ಇಟ್ಟುಕೊಳ್ಳಲಿ, ರಸೀದಿ ಕೊಟ್ಟು, ಬೇಕೆಂದಾಗ ಹಿಂದಿರುಗಿಸುವ ಕರಾರಿನ ಮೇಲೆ.

ಹಳೆಯ ಲಿಪಿಕಾರರು ಗ್ರಂಥ ಮುಗಿಸುವಾಗ ಒಂದು ಶ್ಲೋಕ ಬರೆಯುತ್ತಿದ್ದರು. ‘ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ’: ಬೆನ್ನು, ಸೊಂಟ, ಕುತ್ತಿಗೆ ಮುರಿದು, ಕಣ್ಣು ಕೀಲಿಸಿ, ತಲೆ ತಗ್ಗಿಸಿ ಕಷ್ಟಪಟ್ಟು ಬರೆದದ್ದು, ಜತನದಿಂದ ಕಾಪಾಡಿ ಎಂದು. ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆದು ಮಸಿ ತುಂಬಿದವರ ಮಾತು ಅದು.

ಈ ನವರಾತ್ರಿಗೆ ಮೊದಲು ತಾವು ಒಂದು ಲಿಖಿತ ಪ್ರಕಟಣೆ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸಮೀಕ್ಷೆಗೆ ಬಂದವರು ಒಂದು ಗರಿಯನ್ನೂ ಮನೆಯಿಂದ ಹೊರಗೆ ಒಯ್ಯುವುದಿಲ್ಲ, ತೆಗೆದ ಚಿತ್ರಗಳ ಪ್ರತಿಯನ್ನು ಮನೆಯವರಿಗೂ ಕೊಡಲಾಗುತ್ತದೆ ಎಂದು ಅದರಲ್ಲಿ ತಮ್ಮ ಸಹಿ, ಮೊಹರಿನೊಂದಿಗೆ ಇರಲಿ. ಅಷ್ಟಾದರೆ ಮನೆಮನೆಗೆ ಹೋಗಿ ಬಾಗಿಲು ತಟ್ಟಲು ನಾನೂ, ನನ್ನಂಥ ಇನ್ನು ಕೆಲವರೂ ಸಿದ್ಧರಿದ್ದೇವೆ. ಸಂಬಳ ಬೇಡ.

ಗೌರವಪೂರ್ವಕವಾಗಿ,

ಶಿರಸಿ ತಾಲೂಕಿನ ನಿವೃತ್ತ ಸಂಸ್ಕೃತ ಅಧ್ಯಾಪಕ