ಗಾಂಧಿ ಪಾರ್ಕಿಗೊಂದು ಮರದ ಕುದುರೆ ತೊಟ್ಟಿಲು

ಮಾನ್ಯ ಸಂಪಾದಕರೇ,

ಮಾರಿಕಾಂಬ ಜಾತ್ರೆಯಲ್ಲಿ ಈಗ ತಿರುಗುವ ಕುದುರೆಗಳೆಲ್ಲ ಫೈಬರಿನವು. ಹಿಂದೆ ಮರದವು ಇರುತ್ತಿದ್ದವು. ಒಬ್ಬ ಆಳು ಕೈಯಲ್ಲೇ ತಳ್ಳಿ ತಿರುಗಿಸುತ್ತಿದ್ದ. ಆ ಕುದುರೆಗಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಒಲೆಗೇ ಹೋಗಿರಬೇಕು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕಥೆ ಓದಿದಾಗ ಇದು ನೆನಪಾಯಿತು. ಅಲ್ಲಿ ಮೊದಲ ಕುದುರೆ ತೊಟ್ಟಿಲು ಬಂದದ್ದು 1871ರಲ್ಲಿ. ಯಂತ್ರ ಇರಲಿಲ್ಲ. ಹಲಗೆಯ ಅಡಿಯಲ್ಲಿ ಹೇಸರಗತ್ತೆಯನ್ನೋ ಕುದುರೆಯನ್ನೋ ಕಟ್ಟುತ್ತಿದ್ದರು. ಮೇಲಿದ್ದವನು ಕಾಲಿನಿಂದ ತಟ್ಟಿದರೆ ಅದು ಹೊರಡಬೇಕು, ತಟ್ಟಿದರೆ ನಿಲ್ಲಬೇಕು. ಮಕ್ಕಳು ಮರದ ಕುದುರೆ ಏರಿ ಕೇಕೆ ಹಾಕುತ್ತಿದ್ದರೆ, ಜೀವ ಇರುವ ಕುದುರೆ ಕೆಳಗೆ ದುಡಿಯುತ್ತಿತ್ತು!

ಆಮೇಲೆ ಬಂದ ತೊಟ್ಟಿಲುಗಳು ಬೆಂಕಿಗೆ ಹೋದವು. 1950ರಲ್ಲಿ ಇನ್ನೊಮ್ಮೆ ಸುಟ್ಟಾಗ ಪಾರ್ಕಿನವರು ಹೊಸದು ಮಾಡಿಸಲಿಲ್ಲ. ಕೋನಿ ಐಲ್ಯಾಂಡಿನ ಹಳೇ ಟ್ರಾಲಿ ನಿಲ್ದಾಣದಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಒಂದನ್ನು ಹುಡುಕಿ ತಂದರು. ಅದು 1908ರದ್ದು. ರಷ್ಯಾದಿಂದ ವಲಸೆ ಬಂದು ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದ ಸ್ಟೈನ್ ಮತ್ತು ಗೋಲ್ಡ್‌ಸ್ಟೈನ್ ಕೆತ್ತಿದ್ದು. ಒಟ್ಟು 57 ಕುದುರೆ, ಎಲ್ಲಾ ಕೈಕೆತ್ತನೆ. ಅಲ್ಲಿನ ಮಕ್ಕಳು ಏರುವುದು ಈಗಲೂ ಅವನ್ನೇ.

ನಾವು ಕೆತ್ತುವವರನ್ನು ದೂರದಿಂದ ಕರೆಸಬೇಕಿಲ್ಲ. ಸಾಗರ, ಸೊರಬದಲ್ಲಿ ಗುಡಿಗಾರರಿದ್ದಾರೆ. ಬೆರಳುದ್ದದ ಗಂಧದ ತುಂಡಿನಲ್ಲಿ ದೇವರನ್ನು ಕೂರಿಸುವವರಿಗೆ ಕುದುರೆ ಕಷ್ಟವೇ? ಗಂಧ ಬೇಡ, ಶಿವನೆಯಂಥ ಹಗುರ ಮರ ಸಾಕು. ಗುಡಿಗಾರರ ಕೆಲಸ ಅಂದರೆ ಶೋಕೇಸಿನ ಗಣಪತಿ ಅಂತಾಗಿಬಿಟ್ಟಿದೆ, ನಮ್ಮ ಮಕ್ಕಳು ಅದನ್ನು ಮುಟ್ಟುವುದೇ ಇಲ್ಲ. ಕುದುರೆಯಾದರೆ ಹತ್ತಿ ಕೂರುತ್ತಾರೆ, ಅಲ್ವಾ? ಗಾಂಧಿ ಪಾರ್ಕಿನಲ್ಲಿ ಅಂಥದ್ದೊಂದು ತೊಟ್ಟಿಲು ಹಾಕಿಸಲು ಮಹಾನಗರ ಪಾಲಿಕೆ ಯೋಚಿಸಲಿ. ಎಂಟು ಕುದುರೆ ಇದ್ದರೂ ಸಾಕು.

ಮೋಟಾರು ಇರಲಿ, ಕೈಯಲ್ಲಿ ತಳ್ಳುವುದಿರಲಿ, ನನ್ನ ತಕರಾರಿಲ್ಲ. ಮೇಲೆ ಮಾಡು ಮಾತ್ರ ಬೇಕೇ ಬೇಕು. ಸೆಂಟ್ರಲ್ ಪಾರ್ಕಿನದ್ದು ಇಟ್ಟಿಗೆ ಕಟ್ಟಡದ ಒಳಗಿದೆ. ನಮ್ಮ ಆಷಾಢದ ಮಳೆಗೆ ಬಯಲಲ್ಲಿಟ್ಟ ಮರ ಜಾಸ್ತಿ ದಿನ ಬಾಳುವುದಿಲ್ಲ. ಇನ್ನು, ಹಿಂದೆ ಜಾತ್ರೆಗಳಲ್ಲಿ ತೊಟ್ಟಿಲು ಹಾಕುತ್ತಿದ್ದ ಮನೆಗಳವರ ಅಟ್ಟದಲ್ಲಿ ಕಾಲು ಮುರಿದ ಕುದುರೆ ಒಂದಾದರೂ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂನವರಿಗೆ ಒಮ್ಮೆ ತೋರಿಸಿ.

— ಒಬ್ಬ ಓದುಗ, ಶಿವಮೊಗ್ಗ