ಬಾಯ್ಲರ್ ಕೋಣೆಯನ್ನೂ ಒಮ್ಮೆ ನೋಡಿ ಬಾ

ಚಿ. ಸೌ. ಮೇಘನಾಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ಈ ಚಳಿಗೆ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ.

ನೀನು ನಿಮ್ಮ ಊರಿನ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿಗೆ ಸೇರಿ, ಕೈ ಎತ್ತಿ ಪ್ರಮಾಣ ಮಾಡಿದ ಫೋಟೋ ನೋಡಿದೆ. ಮೈಸೂರು ಸಿಲ್ಕ್ ಸೀರೆ, ಅದರ ಮೇಲೆ ದಪ್ಪ ಕೋಟು. ನಿಮ್ಮಪ್ಪ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, "ನಮ್ಮ ಮನೇಲೂ ಒಬ್ಬ ರಾಜಕಾರಣಿ ಆದ್ಲು" ಅಂತ ಬರೆದಿದ್ದಾನೆ. ಪಾಪ, ಅವನಿಗೇನು ಗೊತ್ತು. ಇಲ್ಲಿ ನ್ಯೂಜೆರ್ಸಿಯಲ್ಲಿ ಈ ಕೆಲಸಕ್ಕೆ ಒಂದು ಡಾಲರ್ ಸಂಬಳವೂ ಇಲ್ಲ. ಬೈಗುಳ ಮಾತ್ರ ಧಾರಾಳ. ನಾನು ನಮ್ಮ ಪುಟ್ಟ ಊರಿನ ಬೋರ್ಡಿನಲ್ಲಿ ಎರಡು ಅವಧಿ, ಅಂದರೆ ಆರು ವರ್ಷ ಇದ್ದೆ. ಫೋನಿನಲ್ಲಿ ಹೇಳೋಣ ಅಂದರೆ ದೊಡ್ಡಮ್ಮ ನಡುವೆ ಬಾಯಿ ಹಾಕುತ್ತಾಳೆ. ಅದಕ್ಕೇ ಕಾಗದ.

ನಿನಗೆ ಕೊಟ್ಟ ಕಾಗದಗಳಲ್ಲಿ ಬೋರ್ಡ್ ಸದಸ್ಯರ ನೀತಿಸಂಹಿತೆ ಅಂತ ಒಂದು ಹಾಳೆ ಇದೆ. ಹತ್ತು ಅಂಶಗಳು. ಎಲ್ಲರೂ ಸಹಿ ಹಾಕಿ ಮರೆತುಬಿಡುತ್ತಾರೆ. ನಾಲ್ಕನೆಯದನ್ನು ಮಾತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೋ. ಶಾಲೆ ನಡೆಸುವುದು ನನ್ನ ಕೆಲಸವಲ್ಲ, ಉಳಿದ ಸದಸ್ಯರ ಜೊತೆ ಸೇರಿ ಅದು ಚೆನ್ನಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ ಅಂತ ಅದರ ಅರ್ಥ. ಓದಲು ಸುಲಭ, ನಮ್ಮ ಮನೆಯವರಿಗೆ ಪಾಲಿಸೋದು ಬಹಳ ಕಷ್ಟ. ನಿಮ್ಮ ಅಜ್ಜ ಊರಿನ ಶಾಲೆಯ ಹಂಚು ಒಡೆದರೆ ಯಾರಿಗೂ ಹೇಳದೆ ತಾವೇ ಏಣಿ ಹತ್ತುತ್ತಿದ್ದರು. ಆ ರೋಗ ನನಗೂ ಇತ್ತು, ನಿನಗೂ ಇದೆ.

ನನ್ನ ಮೊದಲ ವರ್ಷದ್ದೇ ಹೇಳುತ್ತೇನೆ. ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದೆ. ನಮ್ಮ ಕನ್ನಡದವರೇ ಒಬ್ಬರು ಬಂದು, ಮಗಳ ಬಸ್ ಸ್ಟಾಪ್ ದೊಡ್ಡ ರಸ್ತೆಯ ಆಚೆಗಿದೆ ಸರ್, ಸ್ವಲ್ಪ ನೋಡಿ ಅಂದರು. "ಅದಕ್ಕೇನಂತೆ, ನಾನು ಮಾಡಿಸ್ತೀನಿ" ಅಂದುಬಿಟ್ಟೆ. ಮರುದಿನ ಬಸ್ಸಿನ ವ್ಯವಸ್ಥೆ ನೋಡಿಕೊಳ್ಳುವ ಗುಮಾಸ್ತೆಗೆ ನೇರವಾಗಿ ಫೋನ್ ಮಾಡಿದೆ. ಆಕೆ ಹೆದರಿಕೊಂಡು ಸ್ಟಾಪ್ ಬದಲಿಸಿದರು. ಹೊಸ ಸ್ಟಾಪಿನಿಂದ ಇನ್ನು ನಾಲ್ಕು ಮನೆಯ ಮಕ್ಕಳಿಗೆ ತೊಂದರೆಯಾಯಿತು. ಶಾಲೆಗಳನ್ನು ನಡೆಸುವ ಮುಖ್ಯ ಅಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ನನ್ನನ್ನು ಕರೆದು ಕಾಫಿ ಕೊಟ್ಟು, ತುಂಬಾ ಮರ್ಯಾದೆಯಿಂದ ಅದೇ ಹಾಳೆಯ ಐದನೇ ಮತ್ತು ಹತ್ತನೇ ಅಂಶ ತೋರಿಸಿದರು. ಸ್ವಂತವಾಗಿ ಯಾರಿಗೂ ಮಾತು ಕೊಡಬಾರದು. ದೂರು ಬಂದರೆ ಸೂಪರಿಂಟೆಂಡೆಂಟರಿಗೆ ತಲುಪಿಸಬೇಕು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ ನೋಡು.

ಬೋರ್ಡಿನಲ್ಲಿ ನೀನು ಒಂಬತ್ತರಲ್ಲಿ ಒಬ್ಬಳು. ಸಭೆಯ ಹೊರಗೆ ನಿನಗೆ ಯಾವ ಅಧಿಕಾರವೂ ಇಲ್ಲ. ಐದು ಜನ ಸೇರಿ ವಾಟ್ಸಾಪಿನಲ್ಲಿ ಬೋರ್ಡಿನ ವಿಷಯ ಚರ್ಚಿಸಿದರೆ ಅದೂ ಕದ್ದು ನಡೆಸಿದ ಸಭೆಯೇ ಅಂತ ದೂರು ಬರಬಹುದು. 1975ರ ಬಹಿರಂಗ ಸಭೆಯ ಕಾನೂನಿಗೆ ಇಲ್ಲಿನವರು 'ಸನ್‌ಶೈನ್ ಲಾ' ಅನ್ನುತ್ತಾರೆ. ಇಮೇಲಿಗೆ ಎಲ್ಲರಿಗೂ ಒಟ್ಟಿಗೆ ಉತ್ತರ ಕಳಿಸುವ ಚಟ ಇವತ್ತೇ ಬಿಡು.

ಈಗ ದುಡ್ಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ನಿಮ್ಮ ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. ಆದರೆ ಬಜೆಟ್ಟಿನ ನಿಜವಾದ ಗಡಿಬಿಡಿ ಗವರ್ನರ್ ಬಜೆಟ್ ಭಾಷಣ ಮಾಡಿದ ಮೇಲೆ. ಅದಾಗಿ ಎರಡು ದಿನದೊಳಗೆ ರಾಜ್ಯದ ನೆರವು ಎಷ್ಟು ಅಂತ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ನೋಡಿಕೊಂಡು ಮಾರ್ಚಿನಲ್ಲೇ ಕರಡು ಬಜೆಟ್ ಮಂಡಿಸಬೇಕು. ಏಪ್ರಿಲ್ ಕೊನೆಯ ಹೊತ್ತಿಗೆ ಸಾರ್ವಜನಿಕರ ಮುಂದೆ ವಿಚಾರಣೆ. ಟೆನ್ಯೂರ್, ಅಂದರೆ ಕಾಯಂ ಕೆಲಸದ ಭದ್ರತೆ, ಇಲ್ಲದ ಶಿಕ್ಷಕರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳದಿದ್ದರೆ ಮೇ 15ರೊಳಗೆ ತಿಳಿಸಬೇಕು. ಹಾಗಾಗಿ ಆ ಎರಡೂವರೆ ತಿಂಗಳು ಎಲ್ಲರ ಮುಖವೂ ಬಾಡಿರುತ್ತದೆ. ಆಗ ಶಾಲೆಗೆ ಹೋದರೆ ಚಿಕ್ಕ ವಯಸ್ಸಿನ ಟೀಚರುಗಳು ನಿನ್ನ ಕಣ್ಣು ತಪ್ಪಿಸುತ್ತಾರೆ.

ರಾಜ್ಯದ ನೆರವು ಕಡಿಮೆಯಾದರೆ ಉಳಿಯೋದು ಮನೆ ತೆರಿಗೆ. ನಮ್ಮ ತೆರಿಗೆ ಬಿಲ್ಲಿನ ಅರ್ಧದಷ್ಟು ಹೋಗೋದು ಶಾಲೆಗೇ. ಆದರೆ ವರ್ಷಕ್ಕೆ 2%ಗಿಂತ ಜಾಸ್ತಿ ಏರಿಸಬೇಕಾದರೆ ಊರವರ ಮತ ಕೇಳಬೇಕು. 2010ರಲ್ಲಿ ತಂದ ಕಟ್ಟುಪಾಡು ಅದು. ವಿಮೆ, ಮಕ್ಕಳ ಸಂಖ್ಯೆ ಇಂಥವಕ್ಕೆ ಒಂದಿಷ್ಟು ವಿನಾಯಿತಿ ಇದೆ. ಬಜೆಟ್ಟಿನ ಬಹುಪಾಲು ಸಂಬಳಕ್ಕೆ ಮತ್ತು ಆರೋಗ್ಯ ವಿಮೆಗೆ ಹೋಗುತ್ತದೆ. ವಿಮೆಯ ಕಂತು 2%ಗೆ ಎಲ್ಲಿ ನಿಲ್ಲುತ್ತೆ ಹೇಳು? ರಾಜ್ಯದ ನೆರವು ಹಂಚುವ ಲೆಕ್ಕವನ್ನು ಬದಲಿಸಿದ 2018ರ ಎಸ್-2 ಕಾನೂನಿನಿಂದ ಕೆಲವು ಊರುಗಳಿಗೆ ನೆರವು ಏರಿತು, ನಮ್ಮಂಥ ಕೆಲವಕ್ಕೆ ವರ್ಷ ವರ್ಷವೂ ಇಳಿಯುತ್ತಾ ಬಂತು. ಅದರ ಮೇಲೆ ಕೋವಿಡ್ ಕಾಲದ ಕೇಂದ್ರದ ಹಣ ಬಂತು. ಅದನ್ನು 2024ರ ಸೆಪ್ಟೆಂಬರ್ ಕೊನೆಯೊಳಗೆ ಖರ್ಚಿಗೆ ಗೊತ್ತುಮಾಡಬೇಕಿತ್ತು. ನಿಮ್ಮಲ್ಲಿ ಆ ದುಡ್ಡಿನಿಂದ ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಂಡಿದ್ದರಾ, ಅವರ ಸಂಬಳ ಈಗ ಎಲ್ಲಿಂದ ಬರುತ್ತಿದೆ ಅಂತ ಕೇಳು. ಸುಮ್ನೆ ಕೇಳು, ಕೆಣಕುವ ದನಿ ಬೇಡ.

ನಿಮ್ಮದು ಎಂಟನೇ ಕ್ಲಾಸಿನವರೆಗೆ ಮಾತ್ರ ಇರುವ ಡಿಸ್ಟ್ರಿಕ್ಟ್ (ಒಂದು ಬೋರ್ಡಿನ ಕೆಳಗೆ ಬರುವ ಶಾಲೆಗಳ ವ್ಯಾಪ್ತಿ). ಆಮೇಲೆ ಮಕ್ಕಳು ಪಕ್ಕದ ಊರಿನ ಹೈಸ್ಕೂಲಿಗೆ ಹೋಗುತ್ತಾರೆ, ಅವರ ಫೀಸು ನೀವು ಕಟ್ಟುತ್ತೀರಿ. ಆ ಫೀಸು ಮೊದಲು ಅಂದಾಜಿನ ಮೇಲೆ ನಿಗದಿಯಾಗುತ್ತದೆ. ನಿಜವಾದ ಖರ್ಚು ರಾಜ್ಯದಿಂದ ಖಾತ್ರಿಯಾದ ಮೇಲೆ, ಎರಡು ವರ್ಷ ಬಿಟ್ಟು, ಬಾಕಿ ಕೊಡಿ ಅಂತ ಚೀಟಿ ಬರಬಹುದು. ನಮಗೆ ಒಮ್ಮೆ ಹಾಗೇ ಬಂತು. ಹಿಂದೆ ಸಾಲ ಕೊಟ್ಟವನು ಮದುವೆ ಮನೆಗೆ ಬಂದ ಹಾಗಿತ್ತು.

ತಿಂಗಳು ತಿಂಗಳೂ ನಿನಗೆ ಬಿಲ್ಲುಗಳ ಪಟ್ಟಿ ಬರುತ್ತದೆ. ಎಲ್ಲ ಒಟ್ಟಿಗೆ ಒಂದೇ ಮತದಲ್ಲಿ ಪಾಸ್. ಯಾರೂ ಓದುವುದಿಲ್ಲ. ನಾನು ಬ್ಯಾಂಕಿನಲ್ಲಿ ಇದ್ದವನು, ಕೈ ಸುಮ್ಮನಿರಲಿಲ್ಲ. ಎರಡನೇ ಚಳಿಗಾಲದಲ್ಲಿ ಒಂದೇ ರಿಪೇರಿಯವರ ಹೆಸರು ನವೆಂಬರಿನಲ್ಲಿ ಬಂತು, ಡಿಸೆಂಬರಿನಲ್ಲಿ ಬಂತು, ಜನವರಿಯಲ್ಲಿ ಎರಡು ಸಲ ಬಂತು. ಏನು ಅಂದರೆ "ತುರ್ತು ರಿಪೇರಿ" ಅಂದರು. ಈ ಸಲ ಜಾಣನಾಗಿದ್ದೆ. ನೇರವಾಗಿ ನುಗ್ಗದೆ ಸೂಪರಿಂಟೆಂಡೆಂಟರನ್ನು ಕೇಳಿದೆ, ಅವರೇ ಕರೆದುಕೊಂಡು ಹೋದರು.

ನೆಲಮಾಳಿಗೆ. ಕಡಿದಾದ ಕಬ್ಬಿಣದ ಮೆಟ್ಟಿಲು. ಕೆಳಗೆ ಹೋದರೆ ಸೆಕೆ, ಎಣ್ಣೆಯ ವಾಸನೆ. ಚಳಿಗಾಲದಲ್ಲಿ ಶಾಲೆಯನ್ನು ಬೆಚ್ಚಗಿಡುವ ಬಾಯ್ಲರಿನ ಒಂದು ಮೂಲೆಯಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಅಡುಗೆಮನೆಯಿಂದ ತಂದ ಉಪ್ಪಿನಕಾಯಿ ಬಕೆಟ್ ಇಟ್ಟಿದ್ದರು. ಕಟ್ಟಡ ನೋಡಿಕೊಳ್ಳುವ ಹಳೆಯ ಕಸ್ಟೋಡಿಯನ್ ಒಬ್ಬರು ಟಾರ್ಚ್ ಹಿಡಿದು ಗೋಡೆ ತೋರಿಸಿದರು. ಬಾಯ್ಲರ್ ಕೆಟ್ಟ ದಿನವೆಲ್ಲ ಅವರು ಅಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆದಿಟ್ಟಿದ್ದರು. ಅಗಸನ ಲೆಕ್ಕದ ಹಾಗೆ ಒಂದರ ಕೆಳಗೊಂದು. ಮೇಲಿನವು ಮಸುಕಾಗಿದ್ದವು. ತೆರಿಗೆ ಏರಿಸಲಿಲ್ಲ ಅಂತ ನಾವು ಚುನಾವಣೆಯಲ್ಲಿ ಎದೆ ತಟ್ಟಿಕೊಂಡ ವರ್ಷಗಳೂ ಆ ಗೋಡೆಯ ಮೇಲಿದ್ದವು.

ಆವತ್ತು ನನಗೆ ಉಳಿತಾಯದ ಲೆಕ್ಕ ಅರ್ಥವಾಯಿತು. ವರ್ಷದ ಕೊನೆಗೆ ಮಿಕ್ಕಿದ್ದನ್ನು ಎಷ್ಟು ಬೇಕಾದರೂ ಕೈಯಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಬಜೆಟ್ಟಿನ 2% ಅಥವಾ 2,50,000 ಡಾಲರ್, ಯಾವುದು ಹೆಚ್ಚೋ ಅಷ್ಟೇ. ಆದರೆ ಕಟ್ಟಡಕ್ಕೆ, ದುರಸ್ತಿಗೆ ಅಂತ ಬೇರೆ ಮೀಸಲು ನಿಧಿಗಳಿವೆ. ಜೂನ್ ಮುಗಿಯುವ ಮುಂಚೆ ಬೋರ್ಡ್ ಠರಾವು ಮಾಡಿದರೆ ಮಿಕ್ಕಿದ್ದನ್ನು ಅಲ್ಲಿಗೆ ಹಾಕಬಹುದು. ಇನ್ನೊಂದು. ತೆರಿಗೆಯನ್ನು ಮಿತಿಯವರೆಗೆ ಏರಿಸದೆ ಬಿಟ್ಟರೆ, ಬಿಟ್ಟ ಭಾಗವನ್ನು ಮೂರು ವರ್ಷದೊಳಗೆ ಬಳಸಿಕೊಳ್ಳಬಹುದು. ಆಮೇಲೆ ಅದು ಹೋಯಿತು. ಊರವರಿಗೆ ಒಳ್ಳೆಯವರಾಗಲು ಹೋಗಿ ನಾವು ಅದನ್ನು ಹಾಗೇ ಕಳೆದುಕೊಂಡಿದ್ದೆವು. ಏರಿಸಲೇಬೇಕು ಅಂತ ನಾನು ಹೇಳುತ್ತಿಲ್ಲ. ನಿವೃತ್ತರಾದವರಿಗೆ ಈ ತೆರಿಗೆ ಎಷ್ಟು ಭಾರ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಬಿಡುವಾಗ ಏನು ಬಿಡುತ್ತಿದ್ದೇವೆ ಅಂತ ಗೊತ್ತಿರಬೇಕು, ಅಷ್ಟೇ.

ಈಗ ಬರೆಯಲು ಕಷ್ಟವಾಗುವ ಮಾತು.

ಸಣ್ಣ ಡಿಸ್ಟ್ರಿಕ್ಟಿನಲ್ಲಿ ಒಂದೇ ಮಗುವಿನಿಂದ ಬಜೆಟ್ ಅಲ್ಲಾಡುತ್ತದೆ. ವಿಶೇಷ ಶಿಕ್ಷಣ ಬೇಕಾದ ಒಂದು ಮಗುವನ್ನು ಹೊರಗಿನ ಶಾಲೆಗೆ ಕಳಿಸಬೇಕಾದರೆ, ಅದರ ಫೀಸು ಬಸ್ಸು ಸೇರಿ ಒಬ್ಬ ಶಿಕ್ಷಕಿಯ ಸಂಬಳ ದಾಟಬಹುದು. ಖಾಸಗಿ ವಿಶೇಷ ಶಾಲೆಯಾದರೆ 55,000 ಡಾಲರ್ ಮೀರಿದ ಭಾಗಕ್ಕೆ ರಾಜ್ಯ ಒಂದಿಷ್ಟು ನೆರವು ಕೊಡುತ್ತದೆ, ಪೂರ್ತಿ ಅಲ್ಲ, ಅದೂ ಖರ್ಚಾದ ಮೇಲೆ. ವಿಶೇಷ ಶಿಕ್ಷಣದ 1975ರ ಕಾನೂನು ಮಾಡುವಾಗ, ದೇಶದಲ್ಲಿ ಒಂದು ಮಗುವಿನ ಶಿಕ್ಷಣಕ್ಕೆ ಆಗುವ ಸರಾಸರಿ ಖರ್ಚಿನ 40%ರಷ್ಟು ನಾವು ಕೊಡುತ್ತೇವೆ ಅಂದಿತ್ತು ಕೇಂದ್ರ ಸರ್ಕಾರ. ಅಷ್ಟು ಒಂದು ವರ್ಷವೂ ಕೊಟ್ಟಿಲ್ಲ. ಖರ್ಚು ಊರಿನ ತಲೆಗೆ. ಆದರೆ ಮಗುವಿಗೆ ಅದು ಹಕ್ಕು, ಯಾರ ಕೃಪೆಯೂ ಅಲ್ಲ.

ಒಂದು ವರ್ಷ ಕಲಾ ಟೀಚರ್ ಹುದ್ದೆಯನ್ನು ಅರ್ಧಕ್ಕೆ ಇಳಿಸಬೇಕಾಯಿತು. ಯಾಕೆ ಅಂತ ಸಭೆಯಲ್ಲಿ ಕೇಳಿದಾಗ ನಮ್ಮಲ್ಲೊಬ್ಬರು "ಹೊರಗೆ ಕಳಿಸಿದ ಒಂದು ಕೇಸ್ ಇದೆಯಲ್ಲ" ಅಂದರು. ಹೆಸರು ಹೇಳಲಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ ಹೆಸರು ಯಾಕೆ ಬೇಕು? ಆ ಹುಡುಗನ ತಾಯಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಸಾರ್ವಜನಿಕರ ಸರದಿ ಬಂದಾಗ ಎದ್ದು ಮೈಕಿನ ಹತ್ತಿರ ಬಂದಳು. ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡುತ್ತಿದ್ದೆವು. ಅವಳು ಮಗನ ಹೆಸರು ಹೇಳಿದಳು, ವಯಸ್ಸು ಹೇಳಿದಳು, ವಾಪಸ್ ಹೋಗಿ ಕೂತಳು. ಟೈಮರ್ ಓಡುತ್ತಲೇ ಇತ್ತು. ಆ ಮಾತು ಆಡಿದವನು ನಾನಲ್ಲ, ನಿಜ. ಆದರೆ ಆಡಿದಾಗ ಮನಸ್ಸಿನಲ್ಲೇ ತಲೆಯಾಡಿಸಿದ್ದೆ ಮೇಘಾ.

ಪರೀಕ್ಷೆಯ ಫಲಿತಾಂಶದಲ್ಲೂ ಇದೇ ಪಾಡು. ಮೂರನೇ ಕ್ಲಾಸಿನಿಂದ ರಾಜ್ಯದ ಪರೀಕ್ಷೆ ಇದೆ, ಗೊತ್ತುಮಾಡಿದ ಹಂತ ಮುಟ್ಟಿದರೆ ಪಾಸಾದ ಹಾಗೆ. ಕ್ಲಾಸಿನಲ್ಲಿ 20 ಮಕ್ಕಳಿದ್ದರೆ ಒಂದು ಮಗು ಅಂದರೆ 5%. ಆವತ್ತು ಇಬ್ಬರಿಗೆ ಜ್ವರ ಬಂದಿದ್ದರೆ ಡಿಸ್ಟ್ರಿಕ್ಟ್ "ಕುಸಿಯಿತು", ಒಂದು ಬುದ್ಧಿವಂತ ಅವಳಿ ಜೋಡಿ ಊರಿಗೆ ಬಂದರೆ "ಜಿಗಿಯಿತು". ಹತ್ತಕ್ಕಿಂತ ಕಡಿಮೆ ಮಕ್ಕಳ ಗುಂಪಾದರೆ ವರದಿಯಲ್ಲಿ ಅಂಕಿಯೇ ಇರುವುದಿಲ್ಲ, ಗುರುತು ಸಿಗಬಾರದು ಅಂತ. ಹಾಗಾಗಿ ಈ ವರ್ಷದ ಮೂರನೇ ಕ್ಲಾಸನ್ನು ಹೋದ ವರ್ಷದ ಮೂರನೇ ಕ್ಲಾಸಿಗೆ ಹೋಲಿಸಿ ಕೂಗಾಡಬೇಡ. ಅವರು ಬೇರೆ ಮಕ್ಕಳು. ಹೋದ ವರ್ಷ ಮೂರರಲ್ಲಿ ಇದ್ದವರು ಈಗ ನಾಲ್ಕರಲ್ಲಿ ಹೇಗಿದ್ದಾರೆ ಅಂತ ಕೇಳು. ಓದಲು ತಡವರಿಸುತ್ತಿದ್ದವರಿಗೆ ಏನು ಸಹಾಯ ಸಿಕ್ಕಿತು ಅಂತ ಕೇಳು.

ಗೈರುಹಾಜರಿ ಅಂಕಿಯನ್ನೂ ನೋಡು. 180 ದಿನದಲ್ಲಿ 18 ದಿನ ತಪ್ಪಿಸಿದರೆ ಆ ಮಗು 'ದೀರ್ಘ ಗೈರು' ಪಟ್ಟಿಗೆ ಸೇರುತ್ತದೆ. ಶಾಲೆಯ 10% ಮಕ್ಕಳು ಹಾಗಾದರೆ ಪೋಷಕರನ್ನೂ ಸೇರಿಸಿಕೊಂಡು ತಿದ್ದುವ ಯೋಜನೆ ಮಾಡಲೇಬೇಕು ಅಂತ 2018ರಲ್ಲಿ ಕಾನೂನು ಬಂದಿದೆ. ನಮ್ಮ ಜನ ಕ್ರಿಸ್ಮಸ್ ರಜೆಗೆ ಎರಡು ವಾರ ಸೇರಿಸಿ ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿಗೇ ಹತ್ತು ದಿನ ಆಯಿತು. ಬಂದ ಮೇಲೆ ಒಂದು ಜ್ವರ, ಒಂದು ಹೊಟ್ಟೆನೋವು. ನೀನೇ ಹೋದ ವರ್ಷ ತಮ್ಮನ ಮದುವೆಗೆ ಮಗುವನ್ನು ಎಷ್ಟು ದಿನ ಶಾಲೆ ಬಿಡಿಸಿದ್ದೆ? ಬೋರ್ಡಿನಲ್ಲಿ ಬಾಯಿ ತೆರೆಯುವ ಮುಂಚೆ ಅದನ್ನು ಎಣಿಸಿಕೋ.

ಸೂಪರಿಂಟೆಂಡೆಂಟರ ಜೊತೆ ಗೆಳೆತನವೂ ಬೇಡ, ಜಗಳವೂ ಬೇಡ. ವರ್ಷಕ್ಕೊಮ್ಮೆ ಅವರ ಕೆಲಸವನ್ನು ತೂಗಬೇಕಾದವರು ನೀವು. ತೂಗುವವರು ದಿನಾ ತಕ್ಕಡಿ ಅಲ್ಲಾಡಿಸಿದರೆ ಯಾವ ಲೆಕ್ಕವೂ ಸಿಗುವುದಿಲ್ಲ. ಅವರನ್ನು ಹೊಗಳುವ ಮೂವರು, ತೆಗಳುವ ಮೂವರು ನಿಮ್ಮ ಬೋರ್ಡಿನಲ್ಲೂ ಇದ್ದಾರಂತೆ. ಎರಡೂ ಕಡೆಯವರು ನಿನ್ನನ್ನು ಊಟಕ್ಕೆ ಕರೆಯುತ್ತಾರೆ. ಡಯಟ್ ಅಂತ ಹೇಳು.

ಕೊನೆಗೆ ಒಂದು ಕೆಲಸ. ಆಡಿಟ್ ಮಾಡಿದವರು ಎರಡು ಪುಸ್ತಕ ಕೊಟ್ಟಿರುತ್ತಾರೆ. ದಪ್ಪದ್ದು ಎಲ್ಲರ ಮೇಜಿನ ಮೇಲೂ ಇರುತ್ತದೆ. ನಿನಗೆ ಬೇಕಾದ್ದು ತೆಳ್ಳಗಿನದು, ಆಡಿಟರ್ಸ್ ಮ್ಯಾನೇಜ್‌ಮೆಂಟ್ ರಿಪೋರ್ಟ್. ಅದರ ಕೊನೆಯಲ್ಲಿ ಸರಿಪಡಿಸಬೇಕಾದ ವಿಷಯಗಳ ಪಟ್ಟಿ ಇರುತ್ತದೆ. ಹಿಂದಿನ ವರ್ಷ ಹೇಳಿದ್ದೇ ಈ ವರ್ಷವೂ ಬಂದಿದೆಯಾ ನೋಡು. ಮೂರು ವರ್ಷದ ಪ್ರತಿ ಹಿಡಿದುಕೊಂಡು ಮುಂದಿನ ಭಾನುವಾರ ಇಲ್ಲಿಗೆ ಬಾ. ದೊಡ್ಡಮ್ಮ ಅಕ್ಕಿರೊಟ್ಟಿ ಮಾಡುತ್ತಾಳೆ, ನಾವು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತು ನೋಡೋಣ. ಕೆಂಪು ಪೆನ್ನು ನನ್ನ ಹತ್ತಿರ ಇದೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ