ಆ ನಾಲ್ಕಕ್ಷರದ ವಿಷಯ

ಪೆರ್ಲ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟೀ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. ಮೊಬೈಲಿನಲ್ಲಿ ಮಾಡಿದ ವ್ಯಕ್ತಿತ್ವ ಪರೀಕ್ಷೆಯಲ್ಲಿ ಐಎನ್‌ಎಫ್‌ಪಿ ಅಂತ ನಾಲ್ಕಕ್ಷರ ಬಂತು, ಅಂಥವರಿಗೆ ಸಯನ್ಸ್ ಆಗೋದಿಲ್ಲವಂತೆ, ಹತ್ತನೇ ಆದ ಮೇಲೆ ಪ್ಲಸ್ ವನ್‌ಗೆ ಹ್ಯುಮ್ಯಾನಿಟೀಸ್ ಹಾಕ್ತೇನೆ ಅಂದೆ. ಆಗ ನನಗೆ ಮಾತು ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹ್ಯುಮ್ಯಾನಿಟೀಸ್ ಕಡಿಮೆ ಅಂತ ಅಲ್ಲ ಮಗಳೇ. ಇಷ್ಟಪಟ್ಟು ತಗೊಂಡರೆ ನನಗೆ ಖುಷಿಯೇ. ಹೆದರಿ ತಗೋಬೇಡ.

ಆ ನಾಲ್ಕಕ್ಷರದ ಮೂಲ ಹುಡುಕಿ ಓದಿದೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರ ಹಿಡಿದುಕೊಂಡು ಅಮೆರಿಕದ ತಾಯಿ ಕ್ಯಾಥರಿನ್ ಬ್ರಿಗ್ಸ್, ಮಗಳು ಇಸಬೆಲ್ ಮೈಯರ್ಸ್ ಸೇರಿ ಕಟ್ಟಿದ್ದು ಅದು. ಜನರನ್ನು 16 ಬಗೆ ಮಾಡುತ್ತದೆ. ಒಂದೊಂದು ಅಕ್ಷರಕ್ಕೂ ಒಂದು ಗೆರೆ ಎಳೆದು, ಉದಾಹರಣೆಗೆ ಈಚೆಯವರು ಮೌನಿಗಳು, ಆಚೆಯವರು ಮಾತಿನವರು ಅನ್ನುತ್ತದೆ. ಗೆರೆಯ ಹತ್ತಿರವೇ ನಿಂತವರು ಎಷ್ಟು ಜನ ಇರ್ತಾರೆ, ಅಲ್ವಾ? ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಅಕ್ಷರ ಬದಲಾಗುವುದು ಹೊಸತೇನಲ್ಲ. ಜಾಣತನ ಅಳೆಯುವ ಕೆಲಸ ಅದರದ್ದಲ್ಲವೇ ಅಲ್ಲ. ಕೆಲಸಕ್ಕೆ ಜನ ಆರಿಸಲು ಇದನ್ನು ಬಳಸಬೇಡಿ ಅಂತ ಅದನ್ನು ನಡೆಸುವವರೇ ಹೇಳುತ್ತಾರೆ.

ಉದ್ಯೋಗದ ದಾರಿ ಹುಡುಕಲು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ವಿಚಾರ ನನಗೆ ಹೆಚ್ಚು ಹಿಡಿಸಿತು. ಕೈಕೆಲಸ, ಹುಡುಕಾಟ, ಕಲೆ, ಜನರ ಒಡನಾಟ, ಮುಂದಾಳುತನ, ಲೆಕ್ಕಪತ್ರದ ಅಚ್ಚುಕಟ್ಟು ಅಂತ ಆಸಕ್ತಿಯಲ್ಲಿ ಆರು ಬಗೆ. ಒಬ್ಬರಲ್ಲೇ ಎರಡು ಮೂರು ಬೆರೆತಿರುತ್ತವೆ. ಆದರೆ ಅದೂ ಕೇಳುವುದು ನಿನಗೆ ಏನಿಷ್ಟ ಅಂತ. ಕಂಡೇ ಇರದ ಕೆಲಸವನ್ನು ಇಷ್ಟ ಇಲ್ಲ ಅನ್ನೋದು ಹೇಗೆ? ನೀನು ಪ್ರಯೋಗಾಲಯದಲ್ಲಿ ಒಂದು ದಿನ ಕೂತವಳಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ.

ಹೋದ ವರ್ಷ ತೋಟಕ್ಕೆ ಮದ್ದು ಬಿಟ್ಟ ದಿನ ನೆನಪಿದೆಯಾ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಉಪ್ಪು), 1 ಕಿಲೋ ಸುಣ್ಣ. ಕತ್ತಿಯ ಅಲಗು ಅದ್ದಿ ತೆಗೆದೆ. ಕೆಂಪಗಾಗಿತ್ತು. "ಅಪ್ಪಾ, ಹಾಳಾಯ್ತಾ?" ಅಂತ ಕೇಳಿದೆ. ಇಲ್ಲ, ಸುಣ್ಣ ಸಾಲದು ಅಂದೆ ನಾನು. ನೀನು ಸುಮ್ನೆ ಕೂರಲಿಲ್ಲ. ಕೆಂಪು ಯಾಕೆ, ತಾಮ್ರ ಎಲ್ಲಿಂದ ಬಂತು, ಸುಣ್ಣ ಹಾಕಿದರೆ ಅದು ಎಲ್ಲಿಗೆ ಹೋಗ್ತದೆ ಅಂತ ಕೇಳುತ್ತಲೇ ಇದ್ದೆ. ಒಂದೊಂದು ಮುಷ್ಟಿ ಸುಣ್ಣ ಹಾಕಿದಾಗಲೂ ಪುಸ್ತಕದಲ್ಲಿ ಬರೆದುಕೊಂಡೆ. ಆರನೇ ಸಲಕ್ಕೆ ಅಲಗು ಕೆಂಪಾಗಲಿಲ್ಲ. ಊಟಕ್ಕೆ ಕರೆದರೂ ನೀನು ಏಳಲಿಲ್ಲ.

ಅದು ಯಾವ ಅಕ್ಷರಕ್ಕೆ ಸೇರಿದ್ದು ನನಗೆ ತಿಳಿಯದು. ಆದರೆ ಆ ಮಗುವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಹತ್ತನೇ ಮುಗಿಸಿದಾಗ ನಿನಗೇನಿಷ್ಟ ಅಂತ ಯಾರೂ ಕೇಳಲಿಲ್ಲ. ಅಂಕ ನೋಡಿ ಕಾಮರ್ಸ್ ಅಂದರು, ತಲೆಯಾಡಿಸಿದೆ. ನಿನ್ನನ್ನು ಒಂದು ಪರೀಕ್ಷೆಯಾದರೂ ಕೇಳುತ್ತಿದೆಯಲ್ಲ, ಅದು ಒಳ್ಳೆಯದೇ. ಬರುವಾಗ ಆ ಪ್ರಶ್ನೆಗಳನ್ನು ತಾ. ಒಂದೊಂದಕ್ಕೂ ಯಾಕೆ ಹಾಗೆ ಉತ್ತರಿಸಿದೆ ಅಂತ ನನಗೆ ಹೇಳು. ಆಮೇಲೆ ತೋಟದ ಬೆಳೆಗಳ ಸಂಶೋಧನೆ ನಡೆಸುವ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ ಒಳಗೆ ನೋಡಲು ಬಿಡುತ್ತಾರಾ ಅಂತ ಇಬ್ಬರೂ ಹೋಗಿ ವಿಚಾರಿಸೋಣ.

ಅರ್ಜಿ ಅಲ್ಲಿಯವರೆಗೆ ಹಾಗೇ ಇರಲಿ. ಚಿಕ್ಕಮ್ಮನಿಗೂ ಹೇಳಿದ್ದೇನೆ. ಶನಿವಾರ ಮಳೆ ಇಲ್ಲದಿದ್ದರೆ ಮದ್ದು ಬಿಡುವುದಿದೆ. ಸುಣ್ಣ ನೀನೇ ಹಾಕು, ಹಳೇ ಪುಸ್ತಕ ತೆಗೆದಿಟ್ಟಿದ್ದೇನೆ.

ನಿನ್ನ ಅಪ್ಪ